ಎರಡು ಕೊಳವೆಗಳ ನಡುವಿನ ದೂರ

ಗಾಲಿ ಒಡೆಯುವುದು ಸಾಧ್ಯವೇ ಇಲ್ಲ ಎಂದವನು ನನ್ನ ಸೋದರಮಾವ. ಮರಳಿಯ ಹತ್ತಿರದ ಅಕ್ಕಿ ಗಿರಣಿಯಲ್ಲಿ ಅವನು ಮಿಸ್ತ್ರಿ. ನನ್ನ ಅಪ್ಪ ಅವನ ಕೈಕೆಳಗೆ ಎಂಜಿನ್ ನೋಡಿಕೊಳ್ಳುತ್ತಿದ್ದ. ಡೀಸೆಲ್ ಎಂಜಿನ್ನಿನ ಪಟ್ಟಾ ತಿರುಗಿಸುತ್ತಿದ್ದ ಆ ಎರಕದ ಗಾಲಿ ಬಂಡಿಯ ಗಾಲಿಯಷ್ಟು ದೊಡ್ಡದು. ಅದರಲ್ಲಿ ಕೂದಲಿನಂಥ ಗೆರೆ ಕಂಡೆ ಎಂದು ಅಪ್ಪ ಹೇಳಿದಾಗ ಮಾವ ನಕ್ಕುಬಿಟ್ಟ.

"ನಿಮ್ಮ ಹಲ್ಲು ಮೊದಲು ಬೀಳ್ತಾವು ಭಾವ. ಈ ಗಾಲಿ ಒಡಿಯೂದಿಲ್ಲ."

ಹಾಗೆಂದು ಅವನು ಬೇಜವಾಬ್ದಾರಿ ಮನುಷ್ಯನಲ್ಲ. ಎಂಜಿನ್ನನ್ನು ದೂರದಿಂದಲೇ ಎಳೆದು ನಿಲ್ಲಿಸಲು, ಒಂದು ಹೋದರೆ ಇನ್ನೊಂದಿರಲಿ ಎಂದು ಎರಡು ಹಗ್ಗ ಇಟ್ಟಿದ್ದ, ಒಂದು ಈ ಗೋಡೆಗೆ, ಒಂದು ಆ ಗೋಡೆಗೆ. ಆ ವರ್ಷ ದಸರೆಯಲ್ಲಿ ಆಯುಧ, ಯಂತ್ರಗಳಿಗೆ ಮಾಡುವ ಖಂಡೇಪೂಜೆಯ ದಿನ, ಒಂದೇ ಹೂಮಾಲೆಯಲ್ಲಿ ಎರಡಕ್ಕೂ ಪೂಜೆಯಾಗಲಿ ಎಂದು ಆಚೆಯ ಹಗ್ಗವನ್ನು ಈಚೆಗೆ ತಂದು ಅರಿಶಿನದ ದಾರದಿಂದ ಜೋಡಿಸಿ ಕಟ್ಟಿದರು. ಕಟ್ಟಿದವನು ಅಪ್ಪ. ಪೂಜೆಯ ದಾರ ತಾನಾಗಿ ಹರಿಯಬೇಕು, ಬಿಚ್ಚಬಾರದು ಎನ್ನುತ್ತಾರೆ ನಮ್ಮಲ್ಲಿ. ಯಾರೂ ಬಿಚ್ಚಲಿಲ್ಲ.

ಸುಗ್ಗಿಯಲ್ಲಿ ಒಂದು ಮುಂಜಾನೆ ಗಾಲಿ ಒಡೆಯಿತು. ಒಂದು ತುಂಡು ತಗಡಿನ ಚಾವಣಿ ಸೀಳಿಕೊಂಡು ಗದ್ದೆಗೆ ಬಿತ್ತು, ಯಾರಿಗೂ ತಾಗಲಿಲ್ಲ. ಇನ್ನೊಂದು ತುಂಡು ಎರಡೂ ಹಗ್ಗಗಳನ್ನು ಒಟ್ಟಿಗೇ ಕಡಿಯಿತು. ಎಂಜಿನ್ ನಿಲ್ಲಿಸಲು ಅಪ್ಪ ಒಳಗೇ ಹೋಗಬೇಕಾಯಿತು. ಬಡಿದಾಡುತ್ತಿದ್ದ ಪಟ್ಟಾ ಅವನ ಬಲಗೈಯನ್ನು ಎಳೆದುಕೊಂಡಿತು. ಗಂಗಾವತಿಯ ಆಸ್ಪತ್ರೆಯಲ್ಲಿ ಮೊಣಕೈವರೆಗೆ ತೆಗೆದರು. ಆಮೇಲೆ ಆ ದಾರದ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ನಾನಾಗ ಎಂಟನೆಯ ತರಗತಿ. ನಮ್ಮ ವಂಶದಲ್ಲಿ ಅಷ್ಟು ಓದಿದವರೇ ಇರಲಿಲ್ಲ. ನಾನು ಓದಿದೆ. ಕೊಪ್ಪಳದಲ್ಲಿ ಹಾಸ್ಟೆಲ್, ಮುಂದೆ ಬೆಂಗಳೂರಿನಲ್ಲಿ ಎಂಜಿನಿಯರಿಂಗ್, ಅದೂ ವಿಮಾನದ ವಿಭಾಗ. ಇಂಗ್ಲಿಷ್ ಪಾಠ ಮೂರು ಸಲ ಓದಿದರೆ ಅರ್ಧ ತಿಳಿಯುತ್ತಿತ್ತು. ಹೆಮ್ಮೆಯಿಂದಲೇ ಹೇಳುತ್ತೇನೆ, ಒಂದು ವಿಷಯವನ್ನೂ ಬಾಕಿ ಉಳಿಸಿಕೊಳ್ಳಲಿಲ್ಲ.

ವಿಮಾನದ ಎಂಜಿನ್ನಿನೊಳಗೆ ಗಿರ್ರನೆ ತಿರುಗುವ ಲೋಹದ ತಟ್ಟೆಗಳಿರುತ್ತವೆ. ತಟ್ಟೆಯೇ ಒಡೆದರೆ ಆ ತುಂಡನ್ನು ಎಂಜಿನ್ನಿನ ಹೊರಕವಚ ತಡೆಯಲಾರದು. ತಡೆಯುವಷ್ಟು ದಪ್ಪ ಮಾಡಿದರೆ ವಿಮಾನಕ್ಕೆ ಆ ಭಾರ ಹೊರಲಾಗದು. ತುಂಡು ಹಾರುವುದು ತಟ್ಟೆ ತಿರುಗುವ ಸಾಲಿನಲ್ಲಿ, ಸ್ವಲ್ಪ ಹಿಂದುಮುಂದು. ಆ ಸಾಲಿನಲ್ಲಿ ಮುಖ್ಯವಾದದ್ದೇನನ್ನೂ ಇಡಬಾರದು. ಇಡಲೇಬೇಕಾದರೆ, ಒಂದೇ ತುಂಡಿಗೆ ಎಲ್ಲವೂ ಸಿಗದಂತೆ ದೂರ ದೂರ ಇಡಬೇಕು. ಕೊನೆಯ ವರ್ಷದ ನನ್ನ ಪ್ರಾಜೆಕ್ಟು ಇದೇ. ಒತ್ತಡದ ಎಣ್ಣೆ ಹರಿಸಿ ವಿಮಾನವನ್ನು ಹತೋಟಿಯಲ್ಲಿಡುವ ಎರಡು ಕೊಳವೆಗಳಲ್ಲಿ ಒಂದನ್ನು ನೆಲದಡಿ, ಇನ್ನೊಂದನ್ನು ಚಾವಣಿಯಲ್ಲಿ ಹಾಯುವಂತೆ ನಕ್ಷೆಯಲ್ಲಿ ಎಳೆದಿದ್ದೆ.

ನಮ್ಮ ಮೇಷ್ಟ್ರು ಒಪ್ಪಲಿಲ್ಲ. ತೂಕ ಹೆಚ್ಚು, ರಿಪೇರಿ ಕಷ್ಟ, ಎರಡನ್ನೂ ಜೋಡಿಸಿ ಒಂದೇ ಲೋಹದ ಪಟ್ಟಿಯಲ್ಲಿ ಬಿಗಿ, ಇಲ್ಲವಾದರೆ ಮೌಖಿಕ ಪರೀಕ್ಷೆಯಲ್ಲಿ ಫೇಲಾಗುತ್ತೀ ಎಂದರು. ಫೇಲಾದರೆ ಪದವಿಯಿಲ್ಲ. ಇನ್ನೊಂದು ವರ್ಷ ಓದುತ್ತೇನೆ ಎಂದು ಮನೆಯಲ್ಲಿ ಕೇಳಲು ನನಗೆ ಮುಖವಿರಲಿಲ್ಲ. ಆದರೂ ಆ ಗೆರೆ ಅಳಿಸಲಿಲ್ಲ.

ಹೊರಗಿನಿಂದ ಬಂದ ಪರೀಕ್ಷಕರು ಅಲ್ಲಿಗೇ ಬೆರಳಿಟ್ಟರು. ಇಷ್ಟು ದೂರ ಯಾಕೆ? ಲೆಕ್ಕ ತೋರಿಸಿದೆ. ಅವರಿಗೆ ಸಾಲಲಿಲ್ಲ. ಕೊನೆಗೆ ಗಿರಣಿಯ ಎರಡು ಹಗ್ಗಗಳ ಸಂಗತಿ ಹೇಳಿದೆ, ದಾರ ಕಟ್ಟಿದ್ದು ಯಾರೆಂಬುದನ್ನೂ ಮುಚ್ಚಿಡಲಿಲ್ಲ. ದಾರ ಕಟ್ಟುವುದಕ್ಕೆ ಮೊದಲು ಆ ಹಗ್ಗಗಳ ನಡುವೆ ಎಷ್ಟು ದೂರವಿತ್ತು ಎಂದಷ್ಟೇ ಕೇಳಿದರು. ಗಿರಣಿಯ ಅಗಲದಷ್ಟು ಎಂದೆ. ಇನ್ನೇನೂ ಕೇಳದೆ ಹೊರಗೆ ಕಳಿಸಿದರು. ಸಂಜೆ ಪಾಸಾದವರ ಪಟ್ಟಿಯಲ್ಲಿ ನನ್ನ ನಂಬರಿತ್ತು.

ಪ್ರಮಾಣಪತ್ರ ಕೈಗೆ ಬಂದ ವಾರವೇ ಊರಿಗೆ ಒಯ್ದು ಅಪ್ಪನಿಗೆ ಕೊಟ್ಟೆ. ಸರಸ್ವತಿಯನ್ನು ಬರೀ ಎಡಗೈಯಲ್ಲಿ ಹಿಡಿಯುವುದು ಹೇಗೆಂದು ಅವನು ತಡೆದ. ಅವ್ವ ಪಕ್ಕಕ್ಕೆ ಬಂದು ತನ್ನ ಬಲಗೈ ಕೂಡಿಸಿದಳು. ಅಪ್ಪನಿಗೆ ಓದಲು ಬಾರದು. ಪರೀಕ್ಷೆಯಲ್ಲಿ ಏನೇನು ಕೇಳಿದರೆಂದು ವಿಚಾರಿಸಿದ. ಹಗ್ಗದ ಮಾತಿನವರೆಗೆ ಎಲ್ಲ ಹೇಳಿದೆ.

"ದಾರ ಕಟ್ಟಿದಾವ ನಾನ ಅಂತ ಹೇಳಿದ್ಯೇನು?"

ಹೇಳಿದೆ ಎಂದೆ.

"ಛಲೋ ಮಾಡಿದಿ. ಮುಂದಿನವರಿಗೆ ತಿಳೀಲಿ ಅಂತ ಅವರು ಬರಕೊಂಡ್ರೇನು?"