ತಿರುವಿ ಹಾಕ್ರಿ

ದಾಂಡೇಲಿಯಲ್ಲಿ ನಮ್ಮ ಹಿಂದಿನ ಓಣಿಯಲ್ಲಿ ಮಿಲ್ಲಿನಿಂದ ನಿವೃತ್ತರಾದ ಫಿಟ್ಟರ್ ಒಬ್ಬರಿದ್ದರು. ಸಾಗವಾನಿ ಪೆಟ್ಟಿಗೆಯ ಸ್ಪೀಕರುಗಳನ್ನು ತಾವೇ ಮಾಡಿಕೊಂಡಿದ್ದರು. ವಾಲ್ವ್ ಆಂಪ್ಲಿಫೈಯರ್ ಚೆನ್ನಾಗಿ ಕಾದ ಮೇಲೆಯೇ ರೆಕಾರ್ಡ್ ಹಚ್ಚುವರು. ನಾನು ಅವಸರ ಮಾಡಿದರೆ ಅಂಗೈ ಅಡ್ಡ ಹಿಡಿದು, "ತಡೀರಿ" ಎನ್ನುವರು.

ಒಮ್ಮೆ ಜಂಬದಿಂದ ನನ್ನ ದುಬಾರಿ ಡಿಜಿಟಲ್ ಪ್ಲೇಯರ್ ಒಯ್ದು, ಅದೇ ಸ್ಪೀಕರುಗಳಿಗೆ ಜೋಡಿಸಿ, ಅವರ ರೆಕಾರ್ಡಿನಲ್ಲಿದ್ದ ರಾಗವನ್ನೇ ಕೇಳಿಸಿದೆ. ಚರಚರ ಸದ್ದಿಲ್ಲ, ತಂಬೂರಿಯ ಒಂದೊಂದು ತಂತಿಯೂ ಬೇರೆಯಾಗಿ ಕೇಳುತ್ತಿತ್ತು.

"ನಿಮ್ದ ಚೊಲೊ ಐತ್ರಿ" ಎಂದರು. ವಾದಕ್ಕೆ ಸಿದ್ಧನಾಗಿ ಹೋಗಿದ್ದ ನನಗೆ ನಿರಾಸೆಯೇ ಆಯಿತು.

"ಹಂಗಾರ ಇಟ್ಕೋರಿ."

"ಬ್ಯಾಡ್ರಿ. ಅದು ಮುಗಿಯೂದ ಇಲ್ಲ."

ತಮ್ಮ ರೆಕಾರ್ಡ್ ಹಚ್ಚಿದರು. ಇಪ್ಪತ್ತು ನಿಮಿಷಕ್ಕೆ ಒಂದು ಮಗ್ಗಲು ಮುಗಿದು, ಮುಳ್ಳು ಟಕ್ ಟಕ್ ಎನ್ನುತ್ತ ಕೊನೆಯ ಗೆರೆಯಲ್ಲೇ ಸುತ್ತತೊಡಗಿತು. ಎತ್ತಲು ನಾನು ಎದ್ದೆ.

"ತಡೀರಿ."

ಅವರು ಅಡಿಗೆಮನೆಯ ಬಾಗಿಲನ್ನೇ ನೋಡುತ್ತಿದ್ದರು.

"ಈ ಸಪ್ಪಳ ಕೇಳಿದ ಕೂಡ್ಲೇ ನಮ್ಮಾಕಿ ಒಳಗಿಂದ ಒದರ್ತಿದ್ಲು, 'ಮುಗೀತ್ರಿ, ತಿರುವಿ ಹಾಕ್ರಿ' ಅಂತ."

ಆಕೆ ತೀರಿಕೊಂಡು ಆರು ವರ್ಷವಾಗಿತ್ತು. ರೆಕಾರ್ಡ್ ಇನ್ನೂ ಹತ್ತು ಸುತ್ತು ತಿರುಗಿತು. ಆಮೇಲೆ ಮೊಣಕಾಲು ಹಿಡಿದು ನಿಧಾನವಾಗಿ ಎದ್ದರು.

"ತಡೀ, ಹಾಕ್ತೇನಿ" ಎಂದರು.