ಹಟ್ಟಿಯ ಹಿಂದಿನ ಊ, ಊಮ್, ಊಸ್

ಮಧ್ಯಾಹ್ನ ಕುರಿಹಟ್ಟಿಯ ಹಿಂದೆ, ಬೇವಿನ ನೆರಳಲ್ಲಿ, ಮೊಮ್ಮಗಳು ಫೋನು ಹಿಡಿದು ಪಿಸುಗುಟ್ಟುತ್ತಿದ್ದಳು: "ಊ... ಊಮ್... ಊಸ್."

ನನಗೆ ಅನುಮಾನ ಬಂತು. ತಮಿಳು ಸೀಮೆಯ ನಮ್ಮ ಮೇಚೇರಿ ಕಡೆ ಕನ್ನಡದವರು ಹೂವನ್ನು ಊ ಅಂತಲೇ ಅನ್ನುವುದು. ಊಂ ಅಂದರೆ ಒಪ್ಪಿಗೆ. ಊಸು ಏನೆಂದು ನಾನು ಬರೆಯುವುದಿಲ್ಲ. ಅದು ಎಲ್ಲರಿಗೂ ಬರುತ್ತದೆ, ಯಾರೂ ಒಪ್ಪಿಕೊಳ್ಳುವುದಿಲ್ಲ. ಅದು ಹೋಗಲಿ. ಹೂವೂ ಒಪ್ಪಿಗೆಯೂ ಒಟ್ಟಿಗೆ ಬಂದರೆ? ಯಾವನೋ ಹೂ ಮುಡಿಸಲೇ ಎಂದು ಕೇಳುತ್ತಿದ್ದಾನೆ, ಇವಳು ಊಂ ಅನ್ನುತ್ತಿದ್ದಾಳೆ.

ಇದು ಸಣ್ಣ ವಿಷಯವಲ್ಲ. ಸರ್ಕಾರಿ ಕೆಲಸದ ಪರೀಕ್ಷೆಯಲ್ಲಿ ಅವಳು ಒಮ್ಮೆ ಇಂಗ್ಲಿಷಿನಲ್ಲಿ ಬಿದ್ದಿದ್ದಳು. "ಇನ್ನೊಂದೇ ಸಲ. ಬಿದ್ರೆ ಮಾರಂಡಹಳ್ಳಿ ಸಂಬಂಧಕ್ಕೆ ಊ ಮುಡಿಸೋದೇಯ" ಅಂದಿದ್ದ ನನ್ನ ಮಗ. ಆ ಒಂದು ಸಲವನ್ನೂ ನಾನೇ ಎರಡು ದಿನ ಊಟ ಬಿಟ್ಟು ಕೊಡಿಸಿದ್ದು. (ಮುದ್ದೆ ಕದ್ದು ತಿಂದದ್ದು ಬೇರೆ ಮಾತು.) ಫೋನಿನಲ್ಲಿ ಹುಡುಗನಿದ್ದಾನೆ ಅಂತ ಮಗನಿಗೆ ತಿಳಿದರೆ ಪರೀಕ್ಷೆಗೆ ಕಳಿಸುವವನೇ ಅಲ್ಲ.

ನಾನೇ ಪತ್ತೆ ಹಚ್ಚಬೇಕಾಯಿತು. "ಅಮ್ಮಿ, ನಂಗೂ ಟೈಪ್ ಮಾಡಕ್ಕೆ ಕಲ್ಸು. ನನ್ ತಂಗಿಗೆ ಮೆಸೇಜ್ ಆಕ್ಬೇಕು" ಅಂದೆ. ಪಾಪ, ನಂಬಿದಳು. ಗಡಿಯಾಚೆಯ ತವರಿನಲ್ಲಿ ಐದನೇ ಕ್ಲಾಸಿನವರೆಗೆ ಕಲಿತ ಕನ್ನಡದ ಅಕ್ಷರಗಳು ಗಾಜಿನ ಮೇಲೆ ಒಂದೊಂದಾಗಿ ಸಿಕ್ಕವು. ಒತ್ತಕ್ಷರಕ್ಕೆ ಮಾತ್ರ ವಾರ ಹಿಡಿಯಿತು.

ಅವಳು ಕುರಿಗಳಿಗೆ ನೀರು ಕುಡಿಸಲು ಹೋದಾಗ ಫೋನು ತೆಗೆದೆ. ಮೇಲೆ ಏನೋ ಇಂಗ್ಲಿಷ್ ಹೆಸರು, ಪಕ್ಕದಲ್ಲಿ ತಾವರೆಯ ಚಿತ್ರ. ಸಿಕ್ಕಿಬಿದ್ದ! "ಯಾರ್ಲಾ ನೀನು?" ಎಂದು ಒತ್ತಿ ಕಳಿಸಿಬಿಟ್ಟೆ.

ಅವಳು ಬಂದು ಫೋನು ನೋಡಿ ಕಿರುಚಿದಳು. "ಅಜ್ಜೀ! ಕೋಚಿಂಗ್ ಗ್ರೂಪ್‌ಗೆ ಏನ್ ಆಕ್ದೆ? ಟೀಚರ್ 'ಎನ್ನಮ್ಮಾ ಇದು' ಅಂತ ಕೇಳ್ತಾವ್ರೆ!"

"ಅಂಗಾದ್ರೆ ಊ ಅಂತಿದ್ದದ್ದು ಯಾರ್ಗೆ?"

"ಅಯ್ಯೋ, ಇಂಗ್ಲಿಷಲ್ಲಿ ಊ ಅಂದ್ರೆ ಯಾರು ಅಂತ ಕಣಜ್ಜಿ! ಊಮ್ ಅಂದ್ರೆ ಯಾರ್ನ, ಊಸ್ ಅಂದ್ರೆ ಯಾರ್ದು."

"ಅದು ಕೇಳ್ದೋರ್ದೇ ಇರ್ತದೆ" ಅಂದೆ.

ಅವಳು ನಗಲಿಲ್ಲ. ಕಣ್ಣಲ್ಲಿ ನೀರಿತ್ತು. "ಇದ್ರಲ್ಲೇ ಬಿದ್ದಿದ್ದು ಅಜ್ಜಿ. 'ಕುರಿ ಕಳ್ಕಂಡ ಮನ್ಸ' ಅನ್ನಕ್ಕೆ ನಡುವೆ ಊಸ್ ಆಕ್ಬೇಕು."

"ನಾವು ಊಸಿಲ್ದೇನೇ ಯೋಳ್ತೀವಲ್ಲ?"

"ಅದಕ್ಕೇ ಮರ್ತೋಗ್ತೀನಿ. ಇನ್ನ ಒಂದ್ ಕುರಿಗೂ ಶೀಪು, ನೂರ್ ಕುರಿಗೂ ಶೀಪು. ಈಸ್ ಐತಾ, ಆರ್ ಐತಾ ನೋಡಿ ತಿಳ್ಕಬೇಕು."

ನನ್ನ ಅನುಮಾನ ಆಗ ಇಂಗ್ಲಿಷಿನ ಮೇಲೆ ತಿರುಗಿತು. ಒಂದು ಕದ್ದರೂ ಹೆಸರು ಬದಲಾಗದ ಭಾಷೆ ಕುರಿಗಳ್ಳರೇ ಕಟ್ಟಿದ್ದಿರಬೇಕು.

ಅವಳು ತಪ್ಪಿದ್ದ ಪ್ರಶ್ನೆಯನ್ನು ಓದಿಸಿ ಕೇಳಿದೆ. 'ಆಡುಗಳ ಜೊತೆ ಬಂದ ಕುರಿ ಕುಂಟುತ್ತಿದೆ.' ಇಂಗ್ಲಿಷಿನಲ್ಲಿ ಬರೆಯುವಾಗ ಆಡುಗಳು ಕುಂಟುವ ಮಾತಿನ ಪಕ್ಕಕ್ಕೇ ಬಂದು ನಿಲ್ಲುತ್ತವಂತೆ. ಇವಳು ಅವನ್ನು ನೋಡಿ ಆರ್ ಹಾಕಿದ್ದಳು.

"ಲೇ, ಮರಿ ಪಕ್ಕದಾಗಿರೋ ಆಡಿನ ಕೆಚ್ಚಲಿಗೆ ಓಗ್ತದಾ? ಎತ್ತವ್ವ ಎಷ್ಟ್ ದೂರ ಇದ್ರೂ ಉಡುಕ್ಕಂಡ್ ಓಗ್ತದೆ. ನಿನ್ನ ಈಸೂ ಆರೂ ಮರಿಗಳು ಅಂದ್ಕ. ಅವ್ವ ಯಾರು ಅಂತ ನೋಡು."

ಅವಳು ಪೆನ್ನು ತೆಗೆದುಕೊಂಡಳು. ಆಮೇಲೆ ದಿನಾ ಅವ್ವನನ್ನು ಹುಡುಕಿದಳು.

ಪರೀಕ್ಷೆಯ ದಿನ ಮೇಚೇರಿ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದೆ. ಬಸ್ಸಿನ ಕಿಟಕಿಯಿಂದಲೇ ಕೂಗಿದಳು: "ಅಜ್ಜೀ, ಊಸ್ ಬಂತು! ಎಲ್ಡ್ ಸಲ ಬಂತು!" ನನ್ನ ಪಕ್ಕ ಕೂತಿದ್ದವರು ಎದ್ದು ದೂರ ಹೋದರು.

ಪಾಸಾದಳು. ಮಾರಂಡಹಳ್ಳಿಯವರಿಗೆ ಬೇಡವೆಂದು ಮಗನೇ ಹೇಳಿ ಕಳಿಸಿದ.

ಈಗ ಓದುವುದು ಏನೂ ಇಲ್ಲ. ಆದರೆ ನಿನ್ನೆ ಮಧ್ಯಾಹ್ನ ಹಟ್ಟಿಯ ಹಿಂದೆ ಮತ್ತೆ ಕೇಳಿಸಿತು: "ಊಂ... ಊಂ..." ತುಂಬ ಹೊತ್ತು ಕಿವಿಗೊಟ್ಟು ನಿಂತೆ. ಊಸ್ ಮಾತ್ರ ಒಂದು ಸಲವೂ ಬರಲಿಲ್ಲ.