ಬಸ್ಸಿನ ಎಡಬದಿ

ಹರ್ನಿಯಾದ ಆಪರೇಷನ್‌ಗೆ ಹೋದವನು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬಂದರೆ ಯಾರಿಗೆ ನಗು ಬರುವುದಿಲ್ಲ? ಲಾಯಿಲದ ನಮ್ಮ ಅಂಗಳಕ್ಕೆ ಕಾಲಿಡುವಾಗಲೇ ನೆರೆಮನೆಯವರು ಕೇಳಿಬಿಟ್ಟರು, “ಹೊಟ್ಟೆ ಎಲ್ಲುಂಟು ಅಂತ ಡಾಕ್ಟ್ರಿಗೆ ಗೊತ್ತಾಗಲಿಲ್ವಾ?” ಹೆಂಡತಿ ನಕ್ಕಳು. ಹೊಟ್ಟೆಯ ಹೊಲಿಗೆ ನೋಯುತ್ತದೆಂದು ನಾನು ಅವಳ ಭುಜ ಹಿಡಿದು ಒಳಗೆ ಹೋದೆ.

ಆಪರೇಷನ್ ಆದದ್ದು ಮೂಡುಬಿದಿರೆಯ ಒಂದು ಆಸ್ಪತ್ರೆಯಲ್ಲಿ. ಪೂರ್ತಿ ಅರಿವಳಿಕೆ ಕೊಟ್ಟು ಮಲಗಿಸಿದ್ದರು. ಎಚ್ಚರವಾದಾಗ ಹೊಟ್ಟೆಗಿಂತ ಹೆಚ್ಚು ನೋವು ಬಲಗಣ್ಣಿನಲ್ಲಿ. ಹೊಯಿಗೆಯ ಕಣ ಬಿದ್ದ ಹಾಗೆ ಚುಚ್ಚುತ್ತಿತ್ತು, ನೀರು ಸುರಿಯುತ್ತಿತ್ತು, ಎದುರಿನ ಗೋಡೆ ಕಲಸಿಹೋಗಿತ್ತು. ನನ್ನ ಬಾಯಿ ಮೊದಲೇ ಸ್ವಲ್ಪ ಜೋರು. ಹೊಟ್ಟೆ ಸರಿ ಮಾಡಿ ಅಂದರೆ ಕಣ್ಣು ಯಾಕೆ ತೆಗೆದಿರಿ ಎಂದು ವಾರ್ಡಿಗೆಲ್ಲ ಕೇಳುವ ಹಾಗೆ ಕೂಗಾಡಿದೆ.

ಮರುದಿನ ಬೆಳಿಗ್ಗೆ ಕಣ್ಣಿನ ಡಾಕ್ಟರಮ್ಮ ಬಂದರು. ಅರಿವಳಿಕೆಯಲ್ಲಿ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲವಂತೆ, ಅದಕ್ಕೇ ಟೇಪು ಅಂಟಿಸುತ್ತಾರಂತೆ, ಆದರೂ ಕೆಲವೊಮ್ಮೆ ಕಣ್ಣು ಒಣಗಿ ಮೇಲೆ ಸಣ್ಣ ಗೀರು ಆಗುವುದುಂಟಂತೆ. “ಹೆದರಬೇಡಿ, ಎರಡು ದಿನದಲ್ಲಿ ಮಾಯ್ತದೆ” ಎಂದು ಮುಲಾಮು ಹಾಕಿ ಬಲಗಣ್ಣಿಗೆ ಪಟ್ಟಿ ಕಟ್ಟಿದರು.

“ಕಿಟಕಿಯ ಪರದೆ ಯಾಕೆ ಎಳೆದಿರಿ ಮೇಡಂ?” ಎಂದೆ.

“ಪರದೆ ತೆರೆದೇ ಉಂಟಲ್ಲ” ಎಂದರು ಅವರು.

ತೆರೆದಿದ್ದ ಎಡಗಣ್ಣನ್ನು ಉಜ್ಜಿಕೊಂಡೆ. ಅವರ ಮುಖ ಇರಬೇಕಾದ ಜಾಗದಲ್ಲಿ ಬೂದು ಮಬ್ಬು ಬಿಟ್ಟರೆ ಏನೂ ಇರಲಿಲ್ಲ. ಡಾಕ್ಟರಮ್ಮ ಬಹಳ ಹೊತ್ತು ನನ್ನ ಎಡಗಣ್ಣಿನೊಳಗೆ ಬೆಳಕು ಬಿಟ್ಟು ನೋಡಿದರು, ಅದರ ಒತ್ತಡ ಅಳೆದರು. ಆಮೇಲೆ ನಿಧಾನವಾಗಿ ಹೇಳಿದರು, “ಇದು ನಿನ್ನೆ ಆದದ್ದಲ್ಲ. ಗ್ಲಾಕೋಮಾ. ಎಷ್ಟೋ ವರ್ಷದಿಂದ ನರ ಸಾಯ್ತಾ ಬಂದಿದೆ. ನೋವಿರುವುದಿಲ್ಲ. ಇನ್ನೊಂದು ಕಣ್ಣು ಚೆನ್ನಾಗಿದ್ದರೆ ಇದು ಹೋದದ್ದೇ ಗೊತ್ತಾಗುವುದಿಲ್ಲ. ನೀವು ಎಂತ ಕೆಲಸ ಮಾಡುವುದು?”

“ಬಸ್ ಡ್ರೈವರ್.”

ಬರೆಯುತ್ತಿದ್ದ ಅವರ ಪೆನ್ನಿನ ಸದ್ದು ನಿಂತಿತು. “ಇನ್ನು ನೀವು ಬಸ್ ಓಡಿಸಬಾರದು” ಎಂದರು.

ಬೆಳ್ತಂಗಡಿ–ಬಂಟ್ವಾಳ ಲೈನಿನಲ್ಲಿ ನಾನು ಇಪ್ಪತ್ತಾರು ವರ್ಷ ಸ್ಟೇರಿಂಗ್ ಹಿಡಿದವನು. ಸ್ಟೇರಿಂಗ್ ಬಿಟ್ಟರೆ ಬೇರೆ ಏನೂ ನನಗೆ ಬರುವುದಿಲ್ಲ. ಹೆಂಡತಿ ಆಗ ಕ್ಯಾಂಟೀನಿಗೆ ಹೋಗಿದ್ದಳು. ಅವಳು ಬಂದ ಮೇಲೆ ಬಲಗಣ್ಣಿನ ಗೀರಿನ ಸಂಗತಿ ಮಾತ್ರ ಹೇಳಿದೆ. ಗೀರು ಮಾಯುತ್ತದೆ, ಹೊಟ್ಟೆಯ ಗಾಯ ಒಣಗುತ್ತದೆ, ಮತ್ತೆ ಬಸ್ಸು ಹತ್ತಿದರೆ ಯಾರು ಬಂದು ಕೇಳುತ್ತಾರೆ? ಮನೆ ತಲುಪುವ ಹೊತ್ತಿಗೆ ನನ್ನ ತೀರ್ಮಾನ ಆಗಿಹೋಗಿತ್ತು.

ನನಗೆ ಧೈರ್ಯ ಕೊಟ್ಟದ್ದು ಪುಂಜಾಲಕಟ್ಟೆಯ ಆ ಘಟನೆ. ಎರಡು ವರ್ಷದ ಹಿಂದೆ ಅಲ್ಲಿ ಜನ ಹತ್ತಿಸಿಕೊಂಡು ಬಸ್ಸು ಹೊರಟಾಗ, ಬಿದ್ದ ಕೊಡೆ ಹೆಕ್ಕಲು ಶಾಲೆಯ ಹುಡುಗಿಯೊಬ್ಬಳು ಮುಂದಿನ ಎಡಚಕ್ರದ ಬಳಿ ಬಗ್ಗಿದ್ದಳು. ಗಕ್ಕನೆ ಬ್ರೇಕ್ ಹಾಕಿದೆ. ಬಸ್ಸಿನಲ್ಲಿದ್ದವರು “ಡ್ರೈವರನ ಕಣ್ಣು ಅಂದ್ರೆ ಕಣ್ಣು ಮಾರಾಯ್ರೆ” ಎಂದು ಹೊಗಳಿದ್ದೇ ಹೊಗಳಿದ್ದು. ಆ ಕತೆಯನ್ನು ನಾನು ಬಂಟ್ವಾಳದ ಹೋಟೆಲಿನಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಮೂರು ವಾರ ಕಳೆದ ಮೇಲೆ ನನ್ನ ಕಂಡಕ್ಟರ್ ಬ್ರೆಡ್ಡು, ಮೂಸಂಬಿ ಹಿಡಿದುಕೊಂಡು ನೋಡಲು ಬಂದ. ಹದಿನಾಲ್ಕು ವರ್ಷ ನನ್ನ ಜೊತೆ ಒಂದೇ ಬಸ್ಸಿನಲ್ಲಿ ದುಡಿದವನು. ಬಾಗಿಲಲ್ಲಿ ನಿಂತು ಸೀಟಿ ಊದುವುದು, ಇಕ್ಕಟ್ಟಿನಲ್ಲಿ ಬಸ್ಸಿನ ತಗಡಿಗೆ ಬಡಿದು ಜಾಗ ತೋರಿಸುವುದು ಎಲ್ಲ ಕಂಡಕ್ಟರರೂ ಮಾಡುವ ಕೆಲಸ. ಇವನ ಬಡಿತ ಮಾತ್ರ ಎರಡು ಮೂರು ವರ್ಷದಿಂದ ವಿಪರೀತವಾಗಿತ್ತು. “ತಗಡು ನಿನ್ನ ಮಾವನ ಮನೆಯದ್ದಾ?” ಎಂದು ದಿನಾ ಬೈಯುತ್ತಿದ್ದೆ.

“ಸೋಮವಾರದಿಂದ ಬರ್ತೇನೆ, ಕಣ್ಣು ಸರಿಯಾಯ್ತು” ಎಂದೆ.

“ಯಾವ ಕಣ್ಣಣ್ಣ?”

“ಬಲದ್ದು. ಗೀರು ಆದದ್ದು ಅದಕ್ಕೇ ಅಲ್ವಾ?”

ಅವನು ಚಹಾದ ಲೋಟ ಕೆಳಗಿಟ್ಟ. “ಮತ್ತೆ ಎಡದ್ದು?”

ನಾನು ಅಡುಗೆಮನೆಯ ಕಡೆ ನೋಡಿ ಸ್ವರ ತಗ್ಗಿಸಿದೆ. “ನಿನಗೆ ಯಾರು ಹೇಳಿದ್ದು?”

“ಯಾರು ಹೇಳಬೇಕಣ್ಣ? ಎಡಬದಿಯಿಂದ ಬೈಕು ಬಂದರೆ ನಿಮಗೆ ಗೊತ್ತಾಗುವುದಿಲ್ಲ. ನಾನು ಬಡಿದರೆ ಮಾತ್ರ ಬಲಕ್ಕೆ ಎಳೆಯುವುದು. ನಿಮಗೂ ಗೊತ್ತುಂಟು, ಹೇಳ್ಲಿಕ್ಕೆ ನಾಚಿಕೆ ಅಂತ ನಾನು ಅಂದ್ಕೊಂಡದ್ದು.”

“ಪುಂಜಾಲಕಟ್ಟೆಯ ಆ ಹುಡುಗಿ?”

“ನಾನು ಬಡಿದೆ. ನೀವು ಬ್ರೇಕ್ ಹಾಕಿದಿರಿ.”

ನಿಜವೇ. ಹೇಳಿ ಹೇಳಿ ಅವಳ ಎರಡು ಜಡೆಯೂ ಡ್ರೈವರ್ ಸೀಟಿನಿಂದಲೇ ನನಗೆ ಕಂಡಿತ್ತು ಎಂದು ನಾನೇ ನಂಬಿಬಿಟ್ಟಿದ್ದೆ. ಅವಳನ್ನು ನಾನು ಮೊದಲು ನೋಡಿದ್ದು ಬಸ್ಸಿನಿಂದ ಇಳಿದ ಮೇಲೆ.

“ಹೇಳಬಾರದಿತ್ತಾ ಮಾರಾಯ?” ಎಂದೆ.

“ಹೇಳಿದ್ದರೆ ನೀವು ನನ್ನನ್ನು ಬಸ್ಸಿನಿಂದ ಇಳಿಸ್ತಿದ್ದಿರಿ. ಮತ್ತೆ ಆ ಬದಿ ಯಾರು ನೋಡುವುದು?” ಅವನು ತಲೆ ತಗ್ಗಿಸಿದ. “ನನ್ನದೂ ತಪ್ಪು ಅಣ್ಣ. ನಾನು ಒಳಗೆ ಟಿಕೆಟ್ ಹರಿಯುವಾಗ ಆ ಬದಿ ಯಾರು ನೋಡ್ತಾ ಇದ್ದದ್ದು?”

ಯಾರೂ ನೋಡುತ್ತಿರಲಿಲ್ಲ. ಐವತ್ತು ಅರವತ್ತು ಜನರನ್ನು ತುಂಬಿಕೊಂಡು, ಶಾಲೆ ಬಿಡುವ ಹೊತ್ತಿಗೆ, ಆ ತಿರುವುಗಳಲ್ಲಿ. ಎಲ್ಲೂ ಹೋಗದೆ ಕುರ್ಚಿಯಲ್ಲಿ ಕುಳಿತಿದ್ದವನ ಬಲಗಾಲು ಬ್ರೇಕ್ ಹುಡುಕುತ್ತಿತ್ತು.

ಅವನ ಎದುರೇ ಬಸ್ಸಿನ ಮಾಲೀಕರಿಗೆ ಫೋನ್ ಮಾಡಿದೆ. “ಧನಿಗಳೇ, ನನ್ನ ಎಡಗಣ್ಣು ಕಾಣುವುದಿಲ್ಲ. ಬೇರೆ ಡ್ರೈವರನ್ನು ನೋಡಿ.”

ಫೋನ್ ಇಟ್ಟು ತಿರುಗಿದರೆ ಹೆಂಡತಿ ಚಹಾದ ಪಾತ್ರೆ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ಅಲ್ಲಿದ್ದಳೋ, ನನಗೆ ಗೊತ್ತೇ ಆಗಿರಲಿಲ್ಲ. ಅವಳು ನಿಂತದ್ದು ನನ್ನ ಎಡಬದಿಯಲ್ಲಿ.